ಮಾದೇವಮ್ಮನ ಪಾಲಿನ ಹಾಲು

ಮೈಸೂರಿಗೆ ಸಮುದ್ರವೊಂದು ಕಡಿಮೆಯಾಗಿತ್ತು. ನನ್ನ ಸೊಸೆ ಮಂಜುಶ್ರೀ ಆ ಕೊರತೆಯನ್ನೂ ನೀಗಿಸಿದಳು. ಅವಳ ಪ್ರಯೋಗಾಲಯದಲ್ಲಿ ರಿಪೇರಿ ನಡೆದಿದ್ದರಿಂದ ಎಂಟು ಕಡಲ ಬಸವನಹುಳುಗಳನ್ನು ಗಾಜಿನ ತೊಟ್ಟಿಯ ಸಮೇತ ಚಾಮರಾಜಪುರಂನ ನಮ್ಮ ಮನೆಗೆ ತಂದು, ದೇವರ ಕೋಣೆಯ ಎದುರಿಗೇ ಇಟ್ಟಳು. ನೀರಿನಲ್ಲಿ ಪ್ರಾಣವಾಯು ಕಡಿಮೆಯಾದಾಗ ಇವು ಉಸಿರಾಟವನ್ನು ಹೇಗೆ ಹೊಂದಿಸಿಕೊಳ್ಳುತ್ತವೆ ಎಂಬುದು ಅವಳ ಸಂಶೋಧನೆ. ಅದಕ್ಕೆ ನಾಲ್ಕು ವರ್ಷ. ಮನುಷ್ಯರ ಉಸಿರಾಟದ ವಿಷಯವೆಲ್ಲ ಇತ್ಯರ್ಥವಾಗಿರಬೇಕು ಎಂದುಕೊಂಡೆ. ನನ್ನ ಹೆಂಡತಿ ಮಾದೇವಮ್ಮ ಶ್ವಾಸಕೋಶ ಗಟ್ಟಿಯಾಗಿ ತೀರಿಕೊಂಡು ಆಗಷ್ಟೇ ಮೂರು ತಿಂಗಳಾಗಿತ್ತು.

“ಒಂದು ವಾರ ಅಷ್ಟೇ ಮಾವ. ಈ ಗಾಳಿ ಪಂಪು ಮಾತ್ರ ಆರಿಸ್ಬೇಡಿ. ಎಂಟೇ ಉಳಿದಿರೋದು. ಇವು ಹೋದ್ರೆ ನನ್ನ ನಾಲ್ಕು ವರ್ಷ ಹೋದಂಗೆ.”

“ಆಯ್ತಮ್ಮ. ನೆಂಟರು ಬಂದವ್ರೆ, ಉಪಚಾರಕ್ಕೆ ಕಮ್ಮಿ ಮಾಡ್ತೀನಾ?”

ಕಮ್ಮಿ ಮಾಡಲಿಲ್ಲ. ಬೆಳಗಿನ ಲಿಂಗಪೂಜೆಯಾದ ಮೇಲೆ ಅಭಿಷೇಕದ ಹಾಲಿನಲ್ಲಿ ಒಂದು ಬಟ್ಟಲು ಮಾದೇವಮ್ಮನಿಗೆ ಕೊಡುವುದು ನಲವತ್ತಾರು ವರ್ಷದ ರೂಢಿ. ಅವಳು ಹೋದ ಮೇಲೂ ಕೈ ತಾನಾಗಿ ಎತ್ತಿಡುತ್ತಿತ್ತು. ಕುಡಿಯುವವರಿರಲಿಲ್ಲ, ಚೆಲ್ಲಲು ಮನಸ್ಸಿರಲಿಲ್ಲ. ಅತಿಥಿಗಳು ಎದುರಿಗೇ ಇದ್ದರಲ್ಲ, ಮೂರು ದಿನ ಆ ಬಟ್ಟಲನ್ನು ತೊಟ್ಟಿಗೆ ಸುರಿದೆ. ಪಂಪಿನ ಗೊರಗೊರ ಜಪಕ್ಕೆ ಅಡ್ಡಿಯೆಂದು ಪೂಜೆಯ ಹೊತ್ತಿನಲ್ಲಿ ಅದನ್ನೂ ಆರಿಸಿದೆ. ಶಿವನಿಗೆ ಸದ್ದು ಆಗಿಬರದು ಎಂದು ನನಗೆ ಯಾರು ಹೇಳಿದ್ದರೋ.

ಮೂರನೆಯ ದಿನ ನೀರು ಮಬ್ಬಾಯಿತು. ಏಳು ಹುಳುಗಳು ಗಾಜು ಹತ್ತಿ ನೀರಿನ ಅಂಚಿಗೆ ಬಂದು, ಸೊಂಡಿಲಿನಂಥ ಕೊಳವೆಗಳನ್ನು ಮೇಲೆತ್ತಿದ್ದವು. ಪ್ರಸಾದಕ್ಕೆ ಕಾದಿವೆ ಎಂದು ಹಿಗ್ಗಿದೆ. ಎಂಟನೆಯದು ತಳದಲ್ಲೇ ಬಿದ್ದುಕೊಂಡಿತ್ತು.

“ನೋಡಮ್ಮ ನಿನ್ನ ಹುಳುಗಳ ಭಕ್ತಿನ. ಅದೊಂದು ಮಾತ್ರ ಸೋಮಾರಿ.”

ಮಂಜುಶ್ರೀ ನೀರನ್ನು ಮೂಸಿ ನೋಡಿದಳು. “ಹಾಲು ಹಾಕಿದ್ರಾ ಮಾವ?”

“ಪ್ರಸಾದ ಕಣಮ್ಮ.”

“ಹಾಲು ಕೆಟ್ಟು ನೀರಲ್ಲಿದ್ದ ಗಾಳಿಯೆಲ್ಲ ತಿಂದ್ಬುಟ್ಟಿದೆ. ಭಕ್ತಿ ಅಲ್ಲ, ಉಸಿರು ಕಟ್ತಿದೆ ಅವಕ್ಕೆ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಕೆಟ್ಟಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರಿಗೆ ಹುಳುಗಳನ್ನೂ ಪಂಪನ್ನೂ ದಾಟಿಸುತ್ತ ಹೇಳಿದಳು: “ಮೊದಲು ಜೋರಾಗಿ ನೀರು ಎಳ್ಕೋತವೆ. ಸಾಲದಿದ್ರೆ ಮೇಲಕ್ಕೆ ಬರ್ತವೆ. ಅದೂ ಆಗದಿದ್ರೆ ಈ ಎಂಟನೇದರ ಹಂಗೆ ಚಿಪ್ಪಿನ ಬಾಗಿಲು ಮುಚ್ಕೊಂಡು, ಎದೆಬಡಿತ ಇಳಿಸ್ಕೊಂಡು, ಕೆಲಸವೆಲ್ಲ ಬಿಟ್ಟು ಕೂರ್ತವೆ. ಸೋಮಾರಿತನ ಅಲ್ಲ ಮಾವ. ಇರೋ ಉಸಿರನ್ನ ಉಳಿಸ್ಕೊಳ್ಳೋದು.”

ಮಾದೇವಮ್ಮನೂ ಮೊದಲು ಒಲೆಯ ಮುಂದೆ ಏದುಸಿರು ಬಿಟ್ಟಳು. ಆಮೇಲೆ ಗಾಳಿ ಬರುತ್ತದೆಂದು ಜಗಲಿಗೆ ಬಂದು ಕೂತಳು. ಆಮೇಲೆ ಪೂಜೆಯ ಹಾಡು ಬಿಟ್ಟಳು, ಮಾತೂ ಬಿಟ್ಟಳು. “ಮಹಾರಾಣಿಯವರಿಗೆ ಬೀಸಣಿಗೆ ತರ್ಲಾ?” ಎಂದು ಎರಡು ವರ್ಷ ಕೇಳಿದ ವಿದ್ವಾಂಸ ನಾನು. ಒಂದು ದಿನವೂ ತರಲಿಲ್ಲ.

ಏಳು ಹುಳುಗಳು ಮಧ್ಯಾಹ್ನಕ್ಕೆ ಚೇತರಿಸಿಕೊಂಡವು. ಎಂಟನೆಯದು ಬಾಗಿಲು ತೆರೆಯಲಿಲ್ಲ. “ಬದುಕಿದೆಯಾ?” ಎಂದು ಸಂಜೆಯೊಳಗೆ ನಾಲ್ಕು ಸಲ ಕೇಳಿದೆ. “ನಾಳೆ ಗೊತ್ತಾಗತ್ತೆ ಮಾವ,” ಎಂದಳು.

ಮರುದಿನ ಪಂಪಿನ ಗೊರಗೊರದಲ್ಲೇ ಪೂಜೆ ಮಾಡಿದೆ. ಶಿವನೇನೂ ಎದ್ದು ಹೋಗಲಿಲ್ಲ. ಮಾದೇವಮ್ಮನ ಪಾಲಿನ ಹಾಲನ್ನು ನಾನೇ ಕುಡಿದು, ಅವಳ ಬೆತ್ತದ ಕುರ್ಚಿಯನ್ನು ಬಕೆಟ್ಟಿನ ಪಕ್ಕಕ್ಕೆ ಎಳೆದುಕೊಂಡು ಕುಳಿತೆ.

ಹತ್ತು ಗಂಟೆಯ ಸುಮಾರಿಗೆ ಎಂಟನೆಯದರ ಚಿಪ್ಪಿನ ಬಾಗಿಲು ಕೂದಲೆಳೆಯಷ್ಟು ಸರಿಯಿತು.

“ನಿಧಾನ ಕಣಮ್ಮ,” ಎಂದೆ ಅದಕ್ಕೆ. “ಏನೂ ಕೆಲಸ ಇಲ್ಲ. ಕೂತಿರು.”