ನಾಯಕನಿಗೆ ಸ್ವಲ್ಪ ಭಯ ಬೇಕಾಗಿದೆ

ಎಲ್ಲಿಂದ ಶುರು ಮಾಡುವುದು? ನಾಯಕ ಒಂದು ಕಟ್ಟಡದ ತಾರಸಿಯಿಂದ ರಸ್ತೆಯಾಚೆಯ ತಾರಸಿಗೆ ಬೈಕಿನಲ್ಲಿ ಹಾರುತ್ತ, ಎರಡೂ ಕೈಯಲ್ಲಿ ಗುಂಡು ಹಾರಿಸುವಲ್ಲಿಂದ ಶುರು ಮಾಡಿದ್ದೆ. (ಹ್ಯಾಂಡಲ್ ಯಾರು ಹಿಡಿದಿದ್ದರು ಎಂದು ಕೇಳಬೇಡಿ. ನಿರ್ದೇಶಕರನ್ನೂ ಯಾರೂ ಕೇಳಲಿಲ್ಲ.) ಬರೆದು ಹೊಡೆದುಹಾಕಿದೆ. ಹಾರಿದ್ದು ನಾಯಕನಲ್ಲ, ಕತೆಯೂ ಅವನದಲ್ಲ.

ಕತೆ ಆ ಸಿನಿಮಾದ ಎಡಿಟರ್‌ದು. ಸ್ಟುಡಿಯೋದಲ್ಲಿ ಎಲ್ಲರೂ ಆಕೆಯನ್ನು ಕತ್ತರಿ ಮೇಡಂ ಎನ್ನುತ್ತಾರೆ. ಹಾರಿದವನು ಆಕೆಯ ತಮ್ಮ, ನಾಯಕನ ಡೂಪ್.

೧
ಸಿನಿಮಾವನ್ನು ಮೊದಲ ಸಲ ಹೊರಗಿನವರಿಗೆ ತೋರಿಸಿದ ದಿನ, ಬೈಕು ಹಾರುವಲ್ಲಿ ಜನ ನಕ್ಕುಬಿಟ್ಟರು. ಅದೇ ಜನ ಮೊದಲರ್ಧದಲ್ಲಿ ನಾಯಕ ಬರಿಗೈಯಲ್ಲಿ ಲಾರಿ ನಿಲ್ಲಿಸಿದಾಗ ಶಿಳ್ಳೆ ಹೊಡೆದಿದ್ದರು. ಲಾರಿಯನ್ನು ನಂಬಿದವರು ಬೈಕನ್ನೇಕೆ ನಂಬಲಿಲ್ಲ? ಇನ್ನೆರಡು ಬಾಂಬ್ ಸೇರಿಸೋಣ ಎಂದರು ನಿರ್ದೇಶಕರು. ಮೇಡಂ ಎಡಿಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಎರಡೂ ದೃಶ್ಯಗಳನ್ನು ಮತ್ತೆ ಮತ್ತೆ ನೋಡಿದರು. ಲಾರಿಯ ಮುಂದೆ ನಾಯಕನ ಕಾಲು ಹಿಂದಕ್ಕೆ ಜಾರುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಬೈಕಿನ ಮೇಲಿನ ಕ್ಲೋಸಪ್‌ನಲ್ಲಿ ಮಾತ್ರ ಅವನು ಸೋಫಾದಲ್ಲಿ ಕೂತ ಹಾಗೆ ಕೂತಿದ್ದ. ಜನ ಸುಳ್ಳಿಗೆ ನಕ್ಕಿರಲಿಲ್ಲ. ತನಗೇನೂ ಆಗುವುದಿಲ್ಲ ಎಂಬುದು ಅವನಿಗೇ ಗೊತ್ತಿತ್ತಲ್ಲ, ಅದಕ್ಕೆ ನಕ್ಕಿದ್ದರು.

(ಇಲ್ಲಿ ಸಿನಿಮಾ ತತ್ತ್ವದ ಬಗ್ಗೆ ಒಂದೂವರೆ ಪುಟ ಇತ್ತು. ಮೇಡಂ ಕತ್ತರಿಸಿದರು.)

೨
ಒಂದು ಶಾಟನ್ನು ಆಕೆ ಅದುವರೆಗೆ ತೆರೆದೇ ಇರಲಿಲ್ಲ. ಅದು ಎರಡನೇ ಟೇಕ್‌ನಲ್ಲಿ ತಮ್ಮ ಬಿದ್ದ ಶಾಟ್. ಬೈಕು ಆಚೆ ತಾರಸಿಯ ಅಂಚಿಗೆ ಬಡಿದಿತ್ತು. ಸೊಂಟಕ್ಕೆ ಕಟ್ಟಿದ್ದ ಹಗ್ಗ ಜೀವ ಉಳಿಸಿತು, ಸೊಂಟವನ್ನು ಉಳಿಸಲಿಲ್ಲ. ಈಗ ಅವನು ಕೋಲು ಹಿಡಿದು ನಡೆಯುತ್ತಾನೆ. ಮೇಡಂ ಮನಸ್ಸು ಗಟ್ಟಿ ಮಾಡಿಕೊಂಡು ತೆರೆದರು, ಬೀಳುವುದಕ್ಕೆ ಮುಂಚೆಯೇ ನಿಲ್ಲಿಸಿದರು. ಹೊರಡುವ ಮುನ್ನ ತಮ್ಮ ಕೆಳಗೆ ನೋಡುತ್ತಾನೆ, ಉಗುಳು ನುಂಗುತ್ತಾನೆ, ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ. ಸಿನಿಮಾಕ್ಕೆ ಬೇಕಿದ್ದುದು ಅಷ್ಟೇ.

ಅವನನ್ನು ಕರೆಸಿ ತೋರಿಸಿದರು.

"ಇದನ್ನ ಹಾಕ್ಬೇಡ ಅಕ್ಕ."

"ಯಾಕೋ? ನಿನ್ನ ಮುಖ ಕಾಣತ್ತೆ ಅಂತಾನಾ?"

"ಭಯಾನೇ ಆಗ್ಲಿಲ್ಲ, ಬೈಕ್ ಕೈಕೊಡ್ತು ಅಷ್ಟೇ ಅಂತ ಅಮ್ಮಂಗೆ ಹೇಳಿದೀನಿ. ಭಯ ಆಗಿದ್ರೆ ಯಾಕೆ ಹಾರ್ದೆ ಅಂತ ಕೇಳಿದ್ರೆ ಏನು ಹೇಳ್ಲಿ?"

೩
ಇಲ್ಲಿಗೆ ಎರಡು ಅಂತ್ಯ ಬರೆದಿಟ್ಟಿದ್ದೆ. ಒಂದರಲ್ಲಿ ಅಕ್ಕ ಶಾಟನ್ನು ಅಳಿಸಿ ತಮ್ಮನನ್ನು ಅಪ್ಪಿಕೊಳ್ಳುತ್ತಾಳೆ. ಇನ್ನೊಂದರಲ್ಲಿ ಸಿನಿಮಾ ಗೆಲ್ಲುತ್ತದೆ, ಮನೆ ಸೋಲುತ್ತದೆ. (ಈ ಸಾಲು ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.) ತಮ್ಮ ಎರಡಕ್ಕೂ ಒಪ್ಪಲಿಲ್ಲ. ಕೈಗೆ ಕೋಲು ಕೊಟ್ಟಿದ್ದು ಸಾಲದೆ ಇದು ಬೇರೆಯಾ ಎಂದು ನನ್ನನ್ನೇ ಕೇಳಿದ. ಅವನು ಅಕ್ಕನ ಕಡೆ ತಿರುಗಿ, ಇನ್ನೊಮ್ಮೆ ತೋರಿಸು ಎಂದ. ಆ ಸಲ ಪೂರ್ತಿ ನೋಡಿದ, ಬಿದ್ದದ್ದನ್ನೂ ನೋಡಿದ. ಆಮೇಲೆ, ಮುಖ ಬೇಡ, ಕೈ ಮಾತ್ರ ಇಟ್ಟುಕೋ, ಕೈ ಯಾರದಾದರೂ ಆಗಬಹುದಲ್ಲ ಎಂದ. ಮೇಡಂ ಹಾಗೆಯೇ ಮಾಡಿದರು. ನಿರ್ದೇಶಕರು ಗೊಣಗಿದರು, ಆದರೂ ಬಾಂಬ್ ಬಿಟ್ಟುಕೊಟ್ಟರು.

೪
ಎರಡನೇ ಸಲ ತೋರಿಸಿದಾಗ ಅಮ್ಮನೂ ಬಂದಿದ್ದರು. ಮಗ ಮಗಳ ನಡುವೆ ಕೂತಿದ್ದರು. ಪರದೆಯ ತುಂಬ ಆ ಕೈ ಬಂತು, ಪ್ಯಾಂಟಿಗೆ ಒರೆಸಿಕೊಂಡಿತು. ಯಾರೂ ನಗಲಿಲ್ಲ. ಬೈಕು ನೆಗೆದಾಗ ಹಾಲ್ ಉಸಿರು ಬಿಗಿಹಿಡಿಯಿತು. ಆಮೇಲೆ ಶಿಳ್ಳೆಯೋ ಶಿಳ್ಳೆ.

ಆ ಗದ್ದಲದಲ್ಲೇ ಅಮ್ಮ ಮಗನ ಕಡೆ ಬಾಗಿದರು.

"ಅದು ನಿನ್ನ ಕೈ."

ಅಮ್ಮ ಅವನ ಬಲಗೈ ಹಿಡಿದುಕೊಂಡರು.

"ಅಷ್ಟೊಂದು ಭಯ ಆಗಿತ್ತೇನೋ?"

ಅವನು ಅಮ್ಮನ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದ. ಸುಮಾರು ಹೊತ್ತು ಹೇಳಿದ. ಪಕ್ಕದಲ್ಲೇ ಇದ್ದ ಮೇಡಂಗೆ ಒಂದಕ್ಷರವೂ ಕೇಳಿಸಲಿಲ್ಲ. ಬರೆಯುವ ನನಗಾದರೂ ಗೊತ್ತಿರಬೇಕಿತ್ತು. ಅವನನ್ನೇ ಕೇಳಿದೆ. ಅದು ನಿಮಗಲ್ಲ ಎಂದ. ಅಮ್ಮನನ್ನು ಕೇಳಬಹುದು. ಆದರೆ ಆಕೆ ಮಗನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸಿನಿಮಾ ನೋಡುತ್ತಿದ್ದಾರೆ, ಹೊಡೆದಾಟ ಇನ್ನೂ ಬೇಕಾದಷ್ಟು ಬಾಕಿಯಿದೆ, ಮಧ್ಯೆ ಮಾತಾಡಿಸುವುದು ಸರಿಯಲ್ಲ.