ಬಾಗಿಲಿಗೆ ಕೊಟ್ಟ ಬೆನ್ನು

ಆ ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಬಾಗಿಲಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು. ಹೊಗೆ ಕಂಡರೆ ಕೂಗುವ ಅಲಾರಂ, ಚಾವಣಿಯೊಳಗೆ ಹಾದ ನೀರಿನ ಪೈಪು, ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರು, ಎಲ್ಲವೂ ಅವನ ಮೇಲ್ವಿಚಾರಣೆಯಲ್ಲೇ ಇದ್ದವು. ಆದರೆ ಜನರ ಕಣ್ಣಿಗೆ ಬಿದ್ದದ್ದು ಬಾಗಿಲುಗಳಿಗಾಗಿ ಅವನು ಮಾಡುತ್ತಿದ್ದ ಜಗಳ.

ಪ್ರತಿ ವಾರ್ಡಿಗೂ ಬೆಂಕಿ, ಹೊಗೆ ತಡೆಯುವ ದಪ್ಪನೆಯ ಒಂದು ಬೆಂಕಿಬಾಗಿಲು. ಅದರ ನೆತ್ತಿಯ ಮೇಲೆ ಸ್ಪ್ರಿಂಗಿನ ತೋಳು. ತೆರೆದು ಕೈಬಿಟ್ಟರೆ ತಾನಾಗಿ ಮುಚ್ಚಿಕೊಳ್ಳಬೇಕು. ಅದು ಆ ಬಾಗಿಲಿನ ಧರ್ಮ. ಟ್ರಾಲಿ ತಳ್ಳುವವರಿಗೆ ಮಾತ್ರ ಅದೊಂದು ದೊಡ್ಡ ಕಾಟ. ಕೆಳಗೆ ಇಟ್ಟಿಗೆಯ ಚೂರೋ, ಮಡಿಸಿದ ರಟ್ಟೋ, ಯಾರದೋ ಚಪ್ಪಲಿಯೋ ಸಿಕ್ಕಿಸಿ ಹೋಗುತ್ತಿದ್ದರು. ಬಾಗಿಲಪ್ಪ ಬಗ್ಗಿ ಅದನ್ನು ಕಿತ್ತು ಹೆಗಲ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಮೇಲಿನ ಮಹಡಿಯ ದೊಡ್ಡ ಸಿಸ್ಟರ್ ಅವನ ಕಾಲೆಳೆಯದೆ ಬಿಡುತ್ತಿರಲಿಲ್ಲ. "ಒಂಟಿ ಕಾಲಿನ ಚಪ್ಪಲಿ ಅಂಗಡಿ ಯಾವಾಗ ತೆಗೀತೀಯಪ್ಪ?" ಎಂದರೆ ಅವನೂ ನಕ್ಕುಬಿಡುತ್ತಿದ್ದ. ನಗುತ್ತಲೇ ಇನ್ನೊಂದು ಬಾಗಿಲಿಗೆ ಬಗ್ಗುತ್ತಿದ್ದ.

ಹಿಂದೊಮ್ಮೆ ಇದೇ ಕಟ್ಟಡದಲ್ಲಿ ಬಟ್ಟೆ ಕೋಣೆಗೆ ಬೆಂಕಿ ಬಿದ್ದಿತ್ತು. ಬೆಂಕಿ ಆ ಕೋಣೆ ದಾಟಲಿಲ್ಲ, ಹೊಗೆ ದಾಟಿತು. ಒಂದು ವಾರ್ಡಿನ ಬಾಗಿಲು ಮುಚ್ಚಿತ್ತು. ಹೊಗೆ ಕರೆಯದೆ ಬಂದ ನೆಂಟನ ಹಾಗೆ ಹೊಸ್ತಿಲ ಹೊರಗೇ ನಿಂತು ಹಿಂದಿರುಗಿತು. ಎದುರಿನ ವಾರ್ಡಿನ ಬಾಗಿಲಿಗೆ ಯಾರೋ ಕುರ್ಚಿ ಅಡ್ಡವಿಟ್ಟು ತೆರೆದಿಟ್ಟಿದ್ದರು. ಅಲ್ಲಿ ಕಂಡದ್ದನ್ನು ಬಾಗಿಲಪ್ಪ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಕೈಮುಗಿದು ನಿಂತಾಗ ದೇವರಿಗೆ ಮಾತ್ರ ಹೇಳುತ್ತಿದ್ದ, ದೇವರಿಗೆ ಮರೆತುಹೋಗಿರಬಹುದು ಎನ್ನುವವನಂತೆ.

ಹೀಗಿರುವಾಗ ಅವನ ಅಕ್ಕ ಅದೇ ಮೇಲಿನ ಮಹಡಿಯ ವಾರ್ಡಿಗೆ ಬಂದು ಮಲಗಿದಳು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ದರ್ಜಿಯ ಕೆಲಸದಲ್ಲೇ ಆಯುಷ್ಯ ಸವೆಸಿದವಳು. ಎದೆ ಪೂರಾ ಕೆಟ್ಟಿತ್ತು. ಇನ್ನು ಮಾಡುವುದಕ್ಕೆ ಏನೂ ಇಲ್ಲ, ನೋವಾಗದಂತೆ ನೋಡಿಕೊಳ್ಳೋಣ ಎಂದು ಡಾಕ್ಟರು ಬಾಗಿಲಪ್ಪನ ಭುಜ ಮುಟ್ಟಿ ಹೇಳಿದ್ದರು. ಮೂಗಿಗೆ ಆಮ್ಲಜನಕದ ನಳಿಕೆ, ಬಾಗಿಲಿಗೆ ನೇರ ಎದುರಿನ ಮಂಚ.

ಅಂಗಡಿಯಲ್ಲಿ ಅಕ್ಕನ ಹೊಲಿಗೆ ಯಂತ್ರ ಬೀದಿಗೆ ಮುಖ ಮಾಡಿ ಕೂತಿರುತ್ತಿತ್ತು. ಕೈ ಬಟ್ಟೆಯ ಮೇಲೆ, ಕಣ್ಣು ಬೀದಿಯ ಮೇಲೆ; ಅವಳ ಬದುಕು ನಡೆದದ್ದೇ ಹಾಗೆ. ಇಲ್ಲಿಯೂ ಬಾಗಿಲು ತೆರೆದಿದ್ದಷ್ಟು ಹೊತ್ತು ಹೋಗಿಬರುವವರನ್ನು ನೋಡುತ್ತಾ, ಆ ಡಾಕ್ಟರ ಪ್ಯಾಂಟು ಗೇಣುದ್ದ ಗಿಡ್ಡ, ಈ ಆಯಾಳ ತೋಳು ಸೊಟ್ಟ ಎಂದು ಪಿಸುಗುಡುತ್ತಿದ್ದಳು. ಬಾಗಿಲು ಮುಚ್ಚಿದರೆ ಉಸಿರು ಹಿಡಿದಂತಾಗಿ ಚಾದರ ಕಿವುಚುತ್ತಿದ್ದಳು. ಬಾಗಿಲಿನ ಗಾಜಿನ ಕಿಂಡಿ ನಿಂತವರ ಎತ್ತರಕ್ಕಿತ್ತು; ಮಲಗಿದವಳಿಗೆ ಅದರಲ್ಲಿ ಚಾವಣಿಯ ದೀಪವೊಂದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಮೊದಲ ದಿನವೇ ಅವಳು ಕೇಳಿದಳು.

"ಲೋ, ಅದೊಂದು ಬಾಗಿಲು ತೆಗೆದಿಡೋ. ಒಳಗೆ ಹೂತಿಟ್ಟ ಹಾಗಾಗುತ್ತೆ."

"ಆಗಲ್ಲ ಅಕ್ಕ. ಈ ವಾರ್ಡಲ್ಲಿ ಎದ್ದು ಓಡೋರು ಒಬ್ಬರೂ ಇಲ್ಲ."

"ನಾನು ಹೋಗೋವರೆಗೆ ಬೆಂಕಿ ಕಾಯಲ್ವೇನೋ?"

ಅಕ್ಕ ಒಂದು ಮಾತು ಕೇಳಿದರೆ ಇಲ್ಲ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಆಪರೇಷನ್ ಥಿಯೇಟರಿನ ಕಡೆ ಬಾಗಿಲುಗಳನ್ನು ಅಯಸ್ಕಾಂತ ಹಿಡಿದಿಟ್ಟಿರುತ್ತದೆ. ಅಲಾರಂ ಕೂಗಿದೊಡನೆ ಬಿಟ್ಟುಕೊಡುತ್ತದೆ. ಅಂಥದ್ದೊಂದನ್ನು ಇಲ್ಲಿಗೂ ಹಾಕಿಸಿ ಎಂದು ಮ್ಯಾನೇಜರ ಬಳಿ ಹೋಗಿ ಗೋಗರೆದ. ಮ್ಯಾನೇಜರು ಒಳ್ಳೆಯ ಮನುಷ್ಯ. ಕೂರಿಸಿ, ಕೇಳಿ, ಮುಂದಿನ ವರ್ಷ ನೋಡೋಣ ಎಂದರು. ಅಕ್ಕನ ಬಳಿ ಮುಂದಿನ ವಾರವೂ ಇರಲಿಲ್ಲ.

ಆಮೇಲೆ ಅವನು ಒಂದು ದಾರಿ ಕಂಡುಕೊಂಡ. ಕೆಲಸ ಮುಗಿದ ಮೇಲೆ, ಊಟದ ಬಿಡುವಿನಲ್ಲಿ, ಬಂದು ಬಾಗಿಲು ತೆರೆದು, ನೆಲದ ಮೇಲೆ ಕೂತು, ತನ್ನ ಬೆನ್ನನ್ನೇ ಅದಕ್ಕೆ ಆನಿಸತೊಡಗಿದ. ಇಟ್ಟಿಗೆಗೆ ಅಲಾರಂ ಕೇಳಿಸುವುದಿಲ್ಲ, ತನಗೆ ಕೇಳಿಸುತ್ತದಲ್ಲ! ಸ್ಪ್ರಿಂಗು ಬಿಗಿಯಾಗಿರಲೆಂದು ತಿರುಪು ತಿರುಗಿಸಿದವನು ಅವನೇ. ಈಗ ಆ ಬಿಗಿಯೆಲ್ಲ ಅವನ ಬೆನ್ನಿನ ಮೇಲೇ ಬಿತ್ತು. ಅಕ್ಕ ಓಣಿಯನ್ನು ಕಣ್ತುಂಬ ನೋಡಿದಳು. ದೊಡ್ಡ ಸಿಸ್ಟರ್ ಅವನ ಕಾಲು ದಾಟಿಕೊಂಡು ಹೋದರು.

ಒಂದು ಮಧ್ಯಾಹ್ನ ಅಕ್ಕನ ಉಸಿರು ತೀರಾ ಮೇಲಕ್ಕೆ ಬಂತು. ಇವತ್ತೇ ಇರಬಹುದು, ಜೊತೆಗಿರು ಎಂದು ಸಿಸ್ಟರ್ ಅವನನ್ನು ಕರೆಸಿದರು. ಅವನು ಮಂಚದ ಪಕ್ಕ ಕುಳಿತು ಕೈ ಹಿಡಿದುಕೊಂಡ. ಅಕ್ಕ ಕೈ ಬಿಡಿಸಿಕೊಂಡು ಬಾಗಿಲ ಕಡೆ ತೋರಿಸಿದಳು. ಅವನು ಎದ್ದುಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತ. ಅವಳ ಮುಖ ಹಗುರಾಯಿತು. ಓಣಿಯಲ್ಲಿ ಒಬ್ಬಳು ಹಳದಿ ಫ್ರಾಕಿನ ಮಗುವನ್ನು ಎತ್ತಿಕೊಂಡು ಹೋದಳು. "ನೆರಿಗೆ ಚೆನ್ನಾಗಿದೆ," ಎಂದಳು ಅಕ್ಕ.

ಆಗ ಅಲಾರಂ ಕೂಗಿತು.

ಬಾಗಿಲಪ್ಪ ಏಳಲಿಲ್ಲ. ಅಷ್ಟು ವರ್ಷಗಳಲ್ಲಿ ಅಲಾರಂ ಕೂಗಿದಾಗ ಅವನು ಏಳದೆ ಕೂತದ್ದು ಅದೊಂದೇ ಸಲ, ಅದೂ ಒಂದೆರಡು ಉಸಿರಿನಷ್ಟು ಹೊತ್ತು. ವಾರ್ಡಿನ ಮಂಚಗಳಿಂದ ತಲೆಗಳು ಅವನ ಕಡೆ ತಿರುಗಿದವು. ಎಲ್ಲರ ಮೂಗಿಗೂ ನಳಿಕೆ.

"ಹೋಗು," ಎಂದಳು ಅಕ್ಕ. "ನಿನ್ನನ್ನೇ ಕರೀತಿದೆ."

"ಈಗ ಬಂದೆ ಅಕ್ಕ."

ಅವನು ಎದ್ದ. ಬೆನ್ನ ಹಿಂದೆ ಬಾಗಿಲು, ಅವನು ಕಲಿಸಿದಷ್ಟೇ ಮೆಲ್ಲಗೆ, ಮುಚ್ಚಿಕೊಂಡಿತು.

ಕೂಗಿದ್ದು ಕೆಳಗಿನ ಬಟ್ಟೆ ಒಗೆಯುವ ಕೋಣೆಯ ಅಲಾರಂ. ಅವನು ಮೆಟ್ಟಿಲು ಹಾರಿ ಇಳಿದ. ಹೊಗೆಯಿಲ್ಲ, ಬಿಸಿಯಿಲ್ಲ. ಒಣಗಿಸುವ ಯಂತ್ರದಿಂದ ಹಾರಿದ ಅರಳೆಯ ಎಳೆ ಚಾವಣಿಯ ಅಲಾರಂ ಬಟ್ಟಲೊಳಗೆ ಹೊಕ್ಕು ಕೂತಿತ್ತು. ಅವನು ಏಣಿ ಹತ್ತಿ ಬಿಚ್ಚಿದ, ಊದಿದ. ಎಳೆ ಹಾರಿ ಅವನ ತೋಳಿನ ಮೇಲೆ ಕೂತಿತು. ಇಂಥವನ್ನೇ ಅಕ್ಕ ಸಂಜೆ ಸಂಜೆ ಸೆರಗಿನಿಂದ ಕೊಡವುತ್ತಿದ್ದಳು. ಇಡೀ ಕಟ್ಟಡಕ್ಕೆ ಭಯವಿಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಹಿಂದಿರುಗುವಂತಿರಲಿಲ್ಲ; ಖಾತ್ರಿ ಮಾಡಿಕೊಂಡೇ ಮೇಲೆ ಬಂದ.

ಗಾಜಿನ ಕಿಂಡಿಯಲ್ಲಿ ಅಕ್ಕನ ಮಂಚದ ಸುತ್ತ ಪರದೆ ಎಳೆದದ್ದು ಕಂಡಿತು.

ದೊಡ್ಡ ಸಿಸ್ಟರ್ ಅವನನ್ನು ಕೂರಿಸಿ ನೀರು ಕೊಟ್ಟರು. ಅವನು ಹೋದ ಸ್ವಲ್ಪ ಹೊತ್ತಿಗೇ ಆಯಿತಂತೆ. ಏನಾದರೂ ಹೇಳಿದಳೇ ಎಂದು ಕೇಳಿದ. ಸಿಸ್ಟರ್ ಕಣ್ಣು ತಪ್ಪಿಸಿದರು.

"'ಬಾಗಿಲು ಸರಿಯಾಗಿ ಮುಚ್ಚಿತಾ ನೋಡಮ್ಮ, ಇಲ್ಲದಿದ್ರೆ ನನ್ನ ತಮ್ಮ ಬೈತಾನೆ' ಅಂದ್ರು."

ಬೆಂಕಿಯಾದರೂ ಬಿದ್ದಿದ್ದರೆ, ಎಂದುಕೊಂಡ ಬಾಗಿಲಪ್ಪ. ನಿಜವಾದ ಒಂದು ಬೆಂಕಿ ಬಿದ್ದಿದ್ದರೆ ಆ ಬಾಗಿಲು ಮುಚ್ಚಿದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಅದುವರೆಗೆ ಒಂದು ದಿನವೂ ತಪ್ಪದೆ, ಬೆಂಕಿ ಬೀಳದಿರಲಿ ಎಂದು ಬೇಡಿಕೊಂಡ ಮನಸ್ಸು ಅದು. ಕೈಮುಗಿಯಲು ಹೋದ. ಏನು ಹೇಳಬೇಕೆಂದು ತಿಳಿಯದೆ ಕೈ ಇಳಿಸಿದ.

ಅಕ್ಕನ ಕಾರ್ಯ ಮುಗಿಸಿ ಕೆಲಸಕ್ಕೆ ಬಂದ ದಿನ ಆ ಮಂಚದ ಮೇಲೆ ಒಬ್ಬ ಮುದುಕನಿದ್ದ. ಬಾಗಿಲು ಹಾರುಹೊಡೆದಿತ್ತು. ಕೆಳಗೆ ಒಂದು ಚಪ್ಪಲಿ, ಸವೆದ ಹಿಮ್ಮಡಿಯದು. ಮುದುಕನ ಹೆಂಡತಿ ಬರಿಗಾಲಲ್ಲಿ ಓಡಿಬಂದಳು. ಅವರಿಗೆ ಬಾಗಿಲು ಮುಚ್ಚಿದರೆ ಜೀವ ಹೋದ ಹಾಗಾಗುತ್ತದೆ, ಬಿಟ್ಟುಬಿಡಿ ಎಂದು ಬೇಡಿಕೊಂಡಳು.

ಬಾಗಿಲಪ್ಪ ಬಗ್ಗಿ ಚಪ್ಪಲಿಯನ್ನು ಎಳೆದ. ಚೀಲಕ್ಕೆ ಹಾಕದೆ, ಧೂಳು ಒರೆಸಿ ಅವಳ ಕಾಲ ಬಳಿ ಇಟ್ಟ.

"ನಿಮಗೆ ನಿಮ್ಮೋರು ಅಂತ ಯಾರೂ ಇಲ್ವಾ?" ಎಂದಳು ಅವಳು.

ಅವನು ಹೊರಗೆ ಬಂದು ಬಾಗಿಲಿನಿಂದ ಕೈ ತೆಗೆದ. ಚಿಲಕ ತನ್ನ ಗೂಡಿನಲ್ಲಿ ಕೂತ ಸದ್ದು ಕೇಳುವವರೆಗೆ ಅಲ್ಲೇ ನಿಂತಿದ್ದ. ಆಮೇಲೆ ಮುಂದಿನ ಬಾಗಿಲಿಗೆ ಹೋದ.