ನಲವತ್ತು ಪಿನ್ನಿನ ಪರದೆ

ದೋನ್ಯಾ ಒಫೇಲಿಯಾ ತಮ್ಮ ಲ್ಯಾಪ್‌ಟಾಪನ್ನು ತೋರ್ತಿಯಾ ರೊಟ್ಟಿ ಸುತ್ತುವ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಐವತ್ತೆಂಟು ವರ್ಷದ ಹೆಂಗಸು, ಮೆಕ್ಸಿಕೋದ ಗ್ವಾದಲಹಾರಾ ನಗರದ ಹಳೇ ಮಾರುಕಟ್ಟೆಯ ಹಿಂದೆ ಅವರದು ತೋರ್ತಿಯಾ ಅಂಗಡಿ. ಭಾನುವಾರ ಮಧ್ಯಾಹ್ನ ಚಿಕಾಗೋದಲ್ಲಿರುವ ಇಬ್ಬರು ತಂಗಿಯರ ಜೊತೆ ಆನ್‌ಲೈನಿನಲ್ಲಿ ಬಂದೂಕಿನ ಆಟ ಆಡುತ್ತಾರೆ. ಪ್ರತಿ ಸಲವೂ ಮೊದಲು ಸಾಯುವವರು ಇವರೇ. ಚಿತ್ರ ಎಳೆದೆಳೆದು ಬರುತ್ತದೆ, ಡ್ರೈವ್ ತುಂಬಿ ಆಟದ ಹೊಸ ಭಾಗ ಇಳಿಯುವುದಿಲ್ಲ ಎಂದು ಅವರ ದೂರು. ಹಿಂದಿನ ವಾರವೇ ಬಂದು, ವೇಗದ ಪರದೆ ಮತ್ತು ದೊಡ್ಡ ಡ್ರೈವ್ ಬೇಕೆಂದು ಹೇಳಿಹೋಗಿದ್ದರು.

ನಮ್ಮ ಕಂಪ್ಯೂಟರ್ ರಿಪೇರಿ ಮಳಿಗೆಯ ಯಜಮಾನರು ದೋನ್ ಎಲೆಯುತೇರಿಯೋ. ಶಾಲೆ ಬಿಟ್ಟಂದಿನಿಂದ ಎರಡು ವರ್ಷ ಅವರ ಬಳಿ ಫ್ಯಾನುಗಳ ಧೂಳು ತೆಗೆದಿದ್ದೇನೆ. ಆ ಶನಿವಾರ ಬೆಳಿಗ್ಗೆ ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದರು.

"ನೀನೇ ಬಿಚ್ಚು, ನೀನೇ ಮುಚ್ಚು. ಸರಿಹೋದ್ರೆ ರಿಪೇರಿ ಬೆಂಚಿನ ಕುರ್ಚಿ ನಿಂದು. ಕೆಟ್ರೆ ಈ ವರ್ಷ ಕುರ್ಚಿ ವಿಷ್ಯ ಎತ್ಬೇಡ."

ಇಲ್ಲಿನ ಗಿರಾಕಿಗಳು ಯಾರನ್ನೂ ನಂಬುವುದಿಲ್ಲ. ನಾನು ತಳದ ಮುಚ್ಚಳ ತೆಗೆದ ಕೂಡಲೇ ದೋನ್ಯಾ ಒಫೇಲಿಯಾ ಚೀಲದಿಂದ ಉಗುರುಬಣ್ಣದ ಶೀಶೆ ತೆಗೆದು, ಬ್ಯಾಟರಿ, ಮೆಮೊರಿ, ಫ್ಯಾನು, ಎಲ್ಲದಕ್ಕೂ ಒಂದೊಂದು ಕೆಂಪು ಚುಕ್ಕೆ ಇಟ್ಟರು. ಯಾರಾದರೂ ಒಳಗಿನದನ್ನು ಬದಲಾಯಿಸಿದರೆ ಗೊತ್ತಾಗಲಿ ಎಂದು. ನಾನು ಬೆಳಕು ಹಿಡಿದುಕೊಂಡೆ. ಚುಕ್ಕೆ ಒಣಗಿದ ಮೇಲೆ ಅವರು ಹೊರಗೆ ಹೋಗಿ ಕೂತರು.

ಮೊದಲು ಬ್ಯಾಟರಿಯ ತಂತಿ ಕಿತ್ತೆ. ಕರೆಂಟು ಇರುವಾಗ ಪರದೆಯ ತಂತಿ ಮುಟ್ಟಿದರೆ ಬೋರ್ಡಿನ ಫ್ಯೂಸು ಹೋಗುತ್ತದೆ. ಆಮೇಲೆ ಯಾವ ಪರದೆ ಹಾಕಿದರೂ ಕತ್ತಲೆಯೇ. ಹಳೆಯ ಡ್ರೈವಿನಲ್ಲಿರುವುದೆಲ್ಲ ಹೊಸದಕ್ಕೆ ಇಳಿಯಲೆಂದು ಎರಡನ್ನೂ ನಕಲು ಪೆಟ್ಟಿಗೆಗೆ ಸಿಕ್ಕಿಸಿದೆ. ಹಸಿರು ದೀಪ ಮಿಣುಕತೊಡಗಿತು. ಅಷ್ಟರಲ್ಲಿ ಹಳೆಯ ಪರದೆ ಬಿಚ್ಚೋಣವೆಂದು ಅಂಚಿನ ಚೌಕಟ್ಟನ್ನು ಉಗುರಿನಿಂದ ನಿಧಾನವಾಗಿ ಎಬ್ಬಿಸಿದೆ.

ತಪ್ಪು ಕಂಡದ್ದು ಆಗ. ಹಳೆಯ ತಂತಿಯ ತುದಿಯಲ್ಲಿ ಮೂವತ್ತು ಪಿನ್ನು. ಹೊಸ ಪರದೆಯ ಹಿಂದಿನ ಬಾಯಿಗೆ ನಲವತ್ತು ಬೇಕು. ಆರ್ಡರ್ ಕೊಡುವ ಮುಂಚೆ ಟೇಪು ಹಿಡಿದು ಉದ್ದ ಅಗಲ ಅಳೆದಿದ್ದೆ, ಪರದೆ ಬಿಚ್ಚಿ ಹಿಂಬದಿ ನೋಡಿರಲಿಲ್ಲ. ವೇಗದ ಪರದೆಗೆ ತಂತಿಯೂ ಬೇರೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ದೋನ್ ಎಲೆಯುತೇರಿಯೋ ಬಗ್ಗಿ ನೋಡಿದರು. ಕಪಾಟಿನಲ್ಲಿ ಸಾಧಾರಣ ಪರದೆಯೊಂದಿದೆ, ಈ ತಂತಿಗೇ ಕೂರುತ್ತದೆ, ಅದನ್ನೇ ಹಾಕು ಎಂದು ಪಿಸುಗುಟ್ಟಿದರು. ಹೊಸದಾದ್ದರಿಂದ ಹೊಳೆಯುತ್ತದೆ, ಅವರಿಗೇನು ಗೊತ್ತಾಗುತ್ತದೆ ಎಂದೂ ಹೇಳಿದರು.

"ಬೇಡ ದೋನ್ ಎಲೆಯು."

ಅವರಿಗೆ ನಾನು ಬೇಡ ಎಂದದ್ದು ಅದೇ ಮೊದಲು. ನನ್ನ ಮುಖವನ್ನೇ ನೋಡಿದರು.

"ಹಾಗಾದ್ರೆ ನೀನೇ ಹೋಗಿ ಅವರಿಗೆ ಹೇಳು."

ನಾನು ಗಿರಾಕಿಗಳ ಜೊತೆ ಮಾತಾಡುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. ಹೊರಗೆ ದೋನ್ಯಾ ಒಫೇಲಿಯಾ ಸ್ಟೂಲಿನ ಮೇಲೆ ಕೂತು ಖಾರದ ಪುಡಿ ಹಾಕಿದ ಮಾವಿನ ಹೋಳು ತಿನ್ನುತ್ತಿದ್ದರು. ಪಕ್ಕದ ಮಳಿಗೆಯವರೆಲ್ಲ ಇದ್ದರು. ಆದರೂ ಹೋದೆ.

"ಅಮ್ಮಾ, ನಾನು ತಪ್ಪು ಮಾಡಿದೀನಿ. ಪರದೆ ಸರಿಯಾದ್ದೇ. ಅದರ ತಂತಿ ತರಿಸಿಲ್ಲ. ಹುಡುಕ್ಕೊಂಡು ಬರ್ತೀನಿ."

ಅವರು ಬಾಯಲ್ಲಿದ್ದದ್ದನ್ನು ಅಗಿದು ಮುಗಿಸಿದರು. "ನಾಳೆ ಆಟ ಇದೆ ಮಗಳೇ. ಇವತ್ತೇ ಆಗುತ್ತಾ?"

"ಆಗ್ಬೇಕು."

"ಹೋಗ್ಬಾ. ಮಾವು ಇನ್ನೂ ಅರ್ಧ ಇದೆ."

ನಮ್ಮ ಕಟ್ಟಡದ ಮೂರನೇ ಮಹಡಿಯ ಮೂಲೆಯಲ್ಲಿ ಹಳೇ ಬಿಡಿಭಾಗ ಮಾರುವ ತಾಚೋ ಸತ್ತ ಲ್ಯಾಪ್‌ಟಾಪ್‌ಗಳನ್ನು ರಾಶಿ ಹಾಕಿಕೊಂಡು ಕೂತಿರುತ್ತಾನೆ. ನನಗೆ ಬೇಕಾದದ್ದನ್ನು ಹೇಳಿದೆ.

"ಏನಮ್ಮಾ, ಮಾತು ಬರುತ್ತಾ ನಿಂಗೆ? ಎಲೆಯು ಮೂಗೀನ ಇಟ್ಕೊಂಡಿದಾನೆ ಅಂದ್ಕೊಂಡಿದ್ದೆ." ಊಟದ ಹೊತ್ತು, ತಾನು ಏಳುವುದಿಲ್ಲ, ಬೇಕಾದರೆ ನೀನೇ ಹುಡುಕಿಕೋ ಎಂದ.

ಹುಡುಕಿದೆ. ಅದೇ ಮಾಡೆಲ್ ನಾಲ್ಕು ಸಿಕ್ಕವು. ಮೂರರಲ್ಲಿ ಮೂವತ್ತೇ. ನಾಲ್ಕನೆಯದರ ಕೀಲಿಮಣೆಯ ಮೇಲೆ ಯಾರೋ ಕಾಫಿ ಚೆಲ್ಲಿದ್ದರು, ಮುಚ್ಚಳದ ಕೀಲುಗಳು ತುಕ್ಕು ಹಿಡಿದಿದ್ದವು. ಒಂದು ಸ್ಕ್ರೂ ತಿರುಗಲೇ ಇಲ್ಲ. ರಬ್ಬರ್ ಬ್ಯಾಂಡಿನ ತುಂಡನ್ನು ಅದರ ತಲೆಯ ಮೇಲಿಟ್ಟು ಒತ್ತಿ ತಿರುಗಿಸಿದೆ. ತಂತಿ ಹೊರಗೆ ಬಂತು. ಸೂಜಿ ಮೊನೆಯಿಂದ ಎಣಿಸಿದೆ: ನಲವತ್ತು. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದೆ.

"ಇದೊಂದು ತಂತಿಗೆ ಇಷ್ಟು ಗುದ್ದಾಡ್ತೀಯಲ್ಲ," ಅಂದ ತಾಚೋ, ಆದರೆ ಸುತ್ತಲು ಕಾಗದ ಕೊಟ್ಟ.

ಕೆಳಗೆ ಬಂದಾಗ ನಕಲು ಮುಗಿದಿತ್ತು. ಹೊಸ ಡ್ರೈವನ್ನು ಅದರ ಜಾಗಕ್ಕೆ ಓರೆಯಾಗಿ ತೂರಿಸಿ, ಒತ್ತಿ, ಸ್ಕ್ರೂ ಹಾಕಿದೆ. ಕೀಲುಗಳನ್ನು ಬಿಚ್ಚಿ, ತಂತಿಯನ್ನು ಹಳೆಯದರ ದಾರಿಯಲ್ಲೇ ಕೂರಿಸಿದೆ; ಒಂದು ಕೂದಲಷ್ಟು ಆಚೀಚೆಯಾದರೂ ಮುಚ್ಚಳ ಮುಚ್ಚುವಾಗ ಹಿಸುಕಿಹೋಗುತ್ತದೆ. ದೋನ್ ಎಲೆಯುತೇರಿಯೋ ಪಕ್ಕದಲ್ಲಿ ನಿಂತು ಬೇಗ ಬೇಗ ಎನ್ನುತ್ತಿದ್ದರು. ನಾನು ನನ್ನ ವೇಗದಲ್ಲೇ ಮಾಡಿದೆ. ಕೊನೆಗೆ ಹೊಸ ಪರದೆ ಕೂರಿಸಿ, ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದೆ.

ಕಪ್ಪು. ಫ್ಯಾನಿನ ಸದ್ದು ಮಾತ್ರ. ಆಮೇಲೆ ಇಡೀ ಪರದೆ ಬೆಳಗಿತು, ದೋನ್ಯಾ ಒಫೇಲಿಯಾ ಅವರ ತಂಗಿಯರ ಹಳೇ ಚಿತ್ರ ಬಂದು ನಿಂತಿತು. ಸೆಟ್ಟಿಂಗಿನಲ್ಲಿ ಪರದೆಯ ವೇಗ ಸೆಕೆಂಡಿಗೆ ನೂರ ನಲವತ್ನಾಲ್ಕು ಚಿತ್ರ ಎಂದಿತ್ತು.

ದೋನ್ಯಾ ಒಫೇಲಿಯಾ ಒಳಗೆ ಬಂದು, ಕನ್ನಡಕ ಹಾಕಿಕೊಂಡು ಮೊದಲು ಕೆಂಪು ಚುಕ್ಕೆಗಳನ್ನೆಲ್ಲ ನೋಡಿದರು. ಆಮೇಲೆ ನಾನು ತಳ ಮುಚ್ಚಿದೆ. ಅವರು ಆಟ ತೆರೆದು, ಒಬ್ಬರೇ ಅಭ್ಯಾಸಕ್ಕೆ ಇಳಿದರು.

"ಅಯ್ಯೋ, ಇವರು ಗೋಡೆ ಹಿಂದಿಂದ ಬರ್ತಿದ್ರಾ? ಇಷ್ಟು ದಿನ ಕಾಣ್ತಾನೇ ಇರ್ಲಿಲ್ಲ." ಆಡುತ್ತಲೇ ದೋನ್ ಎಲೆಯುತೇರಿಯೋ ಕಡೆ ತಿರುಗದೆ ಕೇಳಿದರು, "ನನ್ನ ತಂಗಿ ಡಿಸೆಂಬರಿಗೆ ಬರ್ತಾಳೆ, ಅವಳದ್ದೂ ತರ್ತೀನಿ. ಬಂದಾಗ ಯಾರನ್ನ ಕೇಳ್ಬೇಕು?"

ಯಜಮಾನರು ನನ್ನ ಕಡೆ ಕೈ ತೋರಿಸಿದರು.

"ಬ್ರಿಸೇಯ್ದಾನ ಕೇಳಿ."

ದೋನ್ಯಾ ಒಫೇಲಿಯಾ ಹೋದ ಮೇಲೆ ಯಜಮಾನರು ಬೆಂಚಿನ ಕುರ್ಚಿಯ ಮೇಲಿದ್ದ ದೀಪದ ತಿರುಪು ಸಡಿಲಿಸಿ, ಅದನ್ನು ನನ್ನ ಎತ್ತರಕ್ಕೆ ಇಳಿಸಿ ಬಿಗಿಮಾಡಿದರು.